ಮೊದಲು ಕಿವಿಯಲ್ಲಿ ಸರಿಯಾಗಿ ಕೂರಲಿ, ಆಮೇಲೆ ಹಾಡು: ಮಧ್ಯಮ ಬೆಲೆಯ ಇನ್-ಇಯರ್ ಮಾನಿಟರ್ ಪರೀಕ್ಷಿಸುವ ಬಗೆ

ಕೆಲವು ವರ್ಷಗಳ ಹಿಂದೆ ಒಂದು ಜೋಡಿ ಇನ್-ಇಯರ್ ಮಾನಿಟರ್, ಅಂದರೆ ಕಿವಿಯ ತೂತಿನೊಳಗೆ ಕೂರುವ ಇಯರ್‌ಫೋನ್, ತರಿಸಿಕೊಂಡಿದ್ದೆ. ಬಳಸಿದವರೆಲ್ಲ ಅದರ ಬೇಸ್ (ತಗ್ಗಿನ ದಪ್ಪ ಸದ್ದು) ಹೊಗಳಿದ್ದರು. ನನಗೆ ಮಾತ್ರ ಬೇಸ್ ಅನ್ನೋದೇ ಕೇಳಿಸಲಿಲ್ಲ. ಡ್ರಮ್ ಹೊಡೆದರೆ ರಟ್ಟಿನ ಡಬ್ಬ ತಟ್ಟಿದ ಹಾಗಿತ್ತು. ಹಾಡುವವರ ದನಿ ನಡುವೆ ನಿಲ್ಲದೆ ಸ್ವಲ್ಪ ಬಲಕ್ಕೆ ಸರಿದಿತ್ತು. ಮೂರು ದಿನ ನೋಡಿದೆ. ವಾಪಸ್ ಕಳಿಸೋಣ ಅಂತ ಡಬ್ಬಿಗೆ ತುಂಬುವಾಗ, ಸುಮ್ನೆ ಒಂದು ಸಲ ಎಡಗಡೆಗೆ ಮಾತ್ರ ಒಂದು ಸೈಜ್ ದೊಡ್ಡ ಟಿಪ್ (ಕಿವಿಯ ತೂತಿಗೆ ಕೂರುವ ಮೆತ್ತನೆ ತುದಿ) ಹಾಕಿ ಕೇಳಿದೆ. ಅದೇ ಹಾಡು, ಅದೇ ಫೋನ್. ಡ್ರಮ್ಮಿಗೆ ಮೈ ಬಂತು. ದನಿ ನಡುವಿಗೆ ಬಂದು ನಿಂತಿತು. ನನ್ನ ಎಡಗಿವಿಯ ತೂತು ಬಲಗಿವಿಯದಕ್ಕಿಂತ ಅಗಲ ಅನ್ನೋದು ನನಗೆ ಗೊತ್ತಾಗಿದ್ದೇ ಅವತ್ತು.

ಈ ಲೇಖನದಲ್ಲಿ ನಾನು ಹೇಳಬೇಕೆಂದಿರುವ ಮುಖ್ಯ ಮಾತು ಅಲ್ಲಿಂದಲೇ ಬಂದಿದ್ದು. ಇನ್-ಇಯರ್ ಮಾನಿಟರ್ ವಿಷಯದಲ್ಲಿ ಆರಾಮ ಬೇರೆ, ಶಬ್ದ ಬೇರೆ ಅಂತ ಇಲ್ಲ. ಕಿವಿಯೊಳಗೆ ಅದು ಹೇಗೆ ಕೂತಿದೆಯೋ ಹಾಗೆ ಕೇಳಿಸುತ್ತದೆ. ಹಾಗಾಗಿ ಪರೀಕ್ಷೆಯನ್ನು ಹಾಡಿನಿಂದ ಶುರು ಮಾಡಬೇಡಿ, ಕಿವಿಯಿಂದ ಶುರು ಮಾಡಿ.

ಈ ಸಾಧನದ ಹೆಸರಿನಲ್ಲಿರುವ 'ಮಾನಿಟರ್' ಅನ್ನೋ ಪದ ವೇದಿಕೆಯಿಂದ ಬಂದಿದ್ದು. ಗದ್ದಲದ ನಡುವೆ ಕಲಾವಿದರಿಗೆ ತಮ್ಮ ಹಾಡು, ತಮ್ಮ ವಾದ್ಯ ಸ್ಪಷ್ಟವಾಗಿ ಕೇಳಿಸಬೇಕಿತ್ತು. 1995ರಲ್ಲಿ ಜೆರ್ರಿ ಹಾರ್ವಿ ಎಂಬ ಸೌಂಡ್ ಎಂಜಿನಿಯರ್ ವ್ಯಾನ್ ಹೇಲನ್ ಎಂಬ ರಾಕ್ ತಂಡದ ಡ್ರಮ್ಮರ್‌ಗಾಗಿ ಇಂಥದ್ದನ್ನು ಮಾಡಿಕೊಟ್ಟರು. ಇವನ್ನು ಮಾಡುವ ಅಲ್ಟಿಮೇಟ್ ಇಯರ್ಸ್ ಕಂಪನಿ ಹುಟ್ಟಿದ್ದು ಹಾಗೆ. ಹೊರಗಿನ ಸದ್ದನ್ನು ತಡೆಯುವುದು, ಮೈ ಅಲುಗಾಡಿದರೂ ಬೀಳದಿರುವುದು, ಗಂಟೆಗಟ್ಟಲೆ ನೋಯದಿರುವುದು. ಆಗಲೂ ಬೇಕಿದ್ದದ್ದು ಇದೇ, ಈಗಲೂ ಇದೇ.

ಮಧ್ಯಮ ಬೆಲೆಯವುಗಳನ್ನು ಅಳೆಯುವುದು ನಿಜವಾಗಿ ಸ್ವಲ್ಪ ಕಷ್ಟ. ತೀರಾ ಅಗ್ಗದ್ದರಲ್ಲಿ ತಪ್ಪುಗಳು ಎದ್ದು ಕಾಣುತ್ತವೆ. ಈ ಮಟ್ಟಕ್ಕೆ ಬಂದರೆ ದೊಡ್ಡ ತಪ್ಪು ಮಾಡುವವರು ಕಡಿಮೆ. ವ್ಯತ್ಯಾಸ ಸೂಕ್ಷ್ಮವಾಗಿರುತ್ತದೆ, ಜೊತೆಗೆ ನಿಮ್ಮ ಕಿವಿ ಮತ್ತು ನಿಮ್ಮ ರುಚಿಯೂ ಸೇರಿಕೊಳ್ಳುತ್ತದೆ. ಹತ್ತು ನಿಮಿಷ ಕೇಳಿ ತೀರ್ಮಾನಕ್ಕೆ ಬರಲು ಆಗುವುದಿಲ್ಲ. ಒಂದು ವಾರ ಇಟ್ಟುಕೊಳ್ಳಿ.

ಹೆಜ್ಜೆ 1: ಕೈಯಲ್ಲಿ ಹಿಡಿದು ನೋಡುವುದು

ಇದು ಐದು ನಿಮಿಷದ ಕೆಲಸ. ಇಯರ್‌ಫೋನಿನ ಚಿಪ್ಪಿನ, ಅಂದರೆ ಹೊರಕವಚದ, ಮೇಲೆ ಉಗುರು ಎಳೆದು ನೋಡಿ. ಎರಡು ಭಾಗ ಸೇರುವ ಕಡೆ ಉಗುರಿಗೆ ಸಿಗುವ ಅಂಚು ಇದ್ದರೆ ನಾಳೆ ಕಿವಿಗೂ ಅದು ಸಿಗುತ್ತದೆ. ಟಿಪ್ ಸಿಕ್ಕಿಸುವ ಮೂತಿಯ ಜಾಲರಿ ನೇರವಾಗಿ ಅಂಟಿದೆಯಾ ನೋಡಿ. ಕೇಬಲ್ ಬಿಚ್ಚಿ ಹಾಕಲು ಬರುವಂತಿರಬೇಕು. ಮೊದಲು ಕೆಡುವುದು ಕೇಬಲ್ಲೇ. ಹೆಚ್ಚಾಗಿ ಸಿಗುವುದು ಎರಡು ಬಗೆ: 0.78 ಮಿ.ಮೀ. ದಪ್ಪದ ಎರಡು ಪಿನ್‌ಗಳದ್ದು, ಇಲ್ಲವೇ ಗುಂಡಗೆ ತಿರುಗುವ ಎಂಎಂಸಿಎಕ್ಸ್. ಯಾವುದಾದರೂ ಪರವಾಗಿಲ್ಲ. ಆದರೆ ಜೋಡಣೆ ಸಡಿಲ ಇರಬಾರದು, ಅಲುಗಾಡಿಸಿದಾಗ ಶಬ್ದ ಕಟ್ ಆಗಬಾರದು.

ಡಬ್ಬಿಯ ಮೇಲೆ ಡ್ರೈವರ್ (ಶಬ್ದ ಹುಟ್ಟಿಸುವ ಪುಟ್ಟ ಸ್ಪೀಕರ್) ಎಷ್ಟಿವೆ ಅಂತ ದೊಡ್ಡದಾಗಿ ಬರೆದಿರುತ್ತಾರೆ. ಅದನ್ನು ನೋಡಿ ಮನಸ್ಸು ಕಟ್ಟಿಕೊಳ್ಳಬೇಡಿ. ಪೊರೆ ಅದುರಿ ನುಡಿಯುವ ಒಂದೇ ಡೈನಾಮಿಕ್ ಡ್ರೈವರ್ ಇರುವುದು ಅಚ್ಚುಕಟ್ಟಾಗಿ ನುಡಿಯಬಹುದು. ಆರು ಡ್ರೈವರ್ ಇದ್ದರೂ ಒಂದರ ದನಿ ಇನ್ನೊಂದಕ್ಕೆ ಸರಿಯಾಗಿ ಬೆಸೆಯದೆ ಹೋಗಬಹುದು. ಎಷ್ಟಿವೆ ಅನ್ನುವುದಕ್ಕಿಂತ ಹೇಗೆ ಹೊಂದಿಸಿದ್ದಾರೆ ಅನ್ನುವುದು ಮುಖ್ಯ. ಅದು ಕೇಳಿಯೇ ಗೊತ್ತಾಗಬೇಕು.

ಹೆಜ್ಜೆ 2: ಟಿಪ್ ಹೊಂದಿಸುವುದು

ಇಲ್ಲಿ ಅವಸರ ಬೇಡ. ಬೇಕಾದರೆ ಒಂದು ಸಂಜೆಯನ್ನೇ ಇದಕ್ಕೆ ಕೊಡಿ.

ದೊಡ್ಡವರ ಕಿವಿಯ ನಾಳ ಸುಮಾರು 2.5 ಸೆಂ.ಮೀ. ಉದ್ದ ಇರುತ್ತದೆ. ಅದು ನೇರ ಕೊಳವೆಯಲ್ಲ, ಒಳಗೆ ಹೋಗುತ್ತಾ ಬಾಗುತ್ತದೆ. ಟಿಪ್ ಅದರ ಬಾಯಿ ಮುಚ್ಚಿದಾಗ ಟಿಪ್‌ಗೂ ಕಿವಿಯ ತಮಟೆಗೂ ನಡುವೆ ಗಾಳಿಯ ಪುಟ್ಟ ಕೋಣೆ ಆಗುತ್ತದೆ. ಡ್ರೈವರ್ ಆ ಗಾಳಿಯನ್ನು ಅದುಮುತ್ತದೆ, ಬಿಡುತ್ತದೆ. ಬೇಸ್ ಕೇಳಿಸುವುದು ಆ ಒತ್ತಡದಿಂದಲೇ. ಕೂದಲೆಳೆಯಷ್ಟು ಸಂದಿ ಬಿಟ್ಟರೂ ಒತ್ತಡ ಸೋರಿಹೋಗುತ್ತದೆ. ವಾಷರ್ ಸವೆದ ಸೈಕಲ್ ಪಂಪ್ ಒತ್ತಿದ ಹಾಗೆ, ಎಷ್ಟು ಒತ್ತಿದರೂ ಗಾಳಿ ತುಂಬುವುದಿಲ್ಲ. ಬೇಸ್ ಹೋದ ಮೇಲೆ ಉಳಿದದ್ದೆಲ್ಲ ಚೂಪಾಗಿ, ತೆಳ್ಳಗೆ ಕೇಳಿಸುತ್ತದೆ. ಆಗ ನಾವು 'ಟ್ರೆಬಲ್ (ಮೇಲಿನ ಚೂಪು ಸ್ವರಗಳು) ಜಾಸ್ತಿ' ಅಂತ ಬೈಯುತ್ತೇವೆ. ತಪ್ಪು ಟಿಪ್ಪಿನದು.

ಹಾಕುವ ಕ್ರಮ ಹೀಗಿದೆ. ಕೇಬಲ್ ಕಿವಿಯ ಮೇಲಿನಿಂದ ಹಿಂದಕ್ಕೆ ಬರಬೇಕು. ಬಲಗಿವಿಗೆ ಹಾಕುವಾಗ ಎಡಗೈಯನ್ನು ತಲೆಯ ಹಿಂದಿನಿಂದ ತಂದು ಕಿವಿಯನ್ನು ಮೇಲಕ್ಕೆ, ಸ್ವಲ್ಪ ಹಿಂದಕ್ಕೆ ಎಳೆಯಿರಿ. ಹಾಗೆ ಎಳೆದಾಗ ನಾಳದ ಬಾಗು ಸ್ವಲ್ಪ ನೇರವಾಗುತ್ತದೆ. ಬಲಗೈಯಿಂದ ಚಿಪ್ಪನ್ನು ಒಳಗಿಟ್ಟು, ಕೊಂಚ ತಿರುಗಿಸಿ ಕೂರಿಸಿ. ಆಮೇಲೆ ಕಿವಿ ಬಿಡಿ. ಫೋಮ್ ಟಿಪ್ ಆದರೆ ಮೊದಲು ಬೆರಳಲ್ಲಿ ಹೊಸೆದು ತೆಳ್ಳಗೆ ಮಾಡಿ, ಒಳಗಿಟ್ಟು, ಉಬ್ಬುವ ತನಕ ಅರ್ಧ ನಿಮಿಷ ಬೆರಳಲ್ಲಿ ಹಿಡಿದುಕೊಳ್ಳಿ. ಕೈ ಬೇಗ ಬಿಟ್ಟರೆ ಅದು ತಾನೇ ಹೊರಗೆ ಬರುತ್ತದೆ.

ಸರಿಯಾಗಿ ಮುಚ್ಚಿದೆಯಾ ಅಂತ ತಿಳಿಯಲು ನಾನು ಮೂರು ಕೆಲಸ ಮಾಡುತ್ತೇನೆ. ಮೊದಲು ಹಾಡಿಲ್ಲದೆ 'ಮ್‌ಮ್‌ಮ್' ಅಂತ ಗುನುಗುತ್ತೇನೆ. ನನ್ನ ದನಿ ತಲೆಯೊಳಗೆ ಗುಂಯ್ ಅನ್ನಬೇಕು, ಎರಡೂ ಕಡೆ ಸಮ ಅನ್ನಬೇಕು. ಒಂದೇ ಕಡೆ ಗುಂಯ್ ಅಂದರೆ ಇನ್ನೊಂದು ಕಡೆ ಸೋರುತ್ತಿದೆ. ಎರಡನೆಯದು, ಬೇಸ್ ಇರುವ ಹಾಡು ಹಾಕಿ ಎರಡೂ ಚಿಪ್ಪುಗಳನ್ನು ಬೆರಳಲ್ಲಿ ಮೆಲ್ಲಗೆ ಒಳಕ್ಕೆ ಒತ್ತುತ್ತೇನೆ. ಒತ್ತಿದ ಕೂಡಲೇ ಬೇಸ್ ಉಬ್ಬಿದರೆ, ಬಿಟ್ಟಾಗ ಇಳಿದರೆ, ಆ ಟಿಪ್ ಸಾಲದು. ಕೊನೆಗೆ 40 ಹರ್ಟ್ಸ್‌ನ, ಅಂದರೆ ಸೆಕೆಂಡಿಗೆ 40 ಕಂಪನದ, ತುಂಬಾ ತಗ್ಗಿನ ಒಂದು ಸ್ವರ. ಫೋನಿನಲ್ಲಿ ಟೋನ್ ಹುಟ್ಟಿಸುವ ಉಚಿತ ಆಪ್‌ಗಳು ಬೇಕಾದಷ್ಟಿವೆ. ಆ ಸ್ವರ ತಲೆಯ ನಟ್ಟನಡುವೆ, ಗಟ್ಟಿಯಾಗಿ ಕೇಳಿಸಿದರೆ ಕೆಲಸ ಮುಗಿಯಿತು.

ಎರಡೂ ಕಿವಿಗೆ ಬೇರೆ ಬೇರೆ ಸೈಜ್ ಬೇಕಾದರೆ ಸಂಕೋಚ ಬೇಡ, ಹಾಗೇ ಹಾಕಿಕೊಳ್ಳಿ. ದೊಡ್ಡ ಟಿಪ್ ಹಾಕಿದರೆ ಚೆನ್ನಾಗಿ ಮುಚ್ಚುತ್ತದೆ ಅನ್ನೋದು ಎಲ್ಲ ಸಲ ನಿಜವಲ್ಲ. ತೀರಾ ದೊಡ್ಡದಾದರೆ ಟಿಪ್ಪಿನ ಅಂಚು ಮಡಿಚಿಕೊಂಡು ಅಲ್ಲೇ ಸಂದಿ ಆಗುತ್ತದೆ. ಸಿಲಿಕೋನ್ ಟಿಪ್ಪಿಗೂ ಫೋಮ್ ಟಿಪ್ಪಿಗೂ ಶಬ್ದದಲ್ಲಿ ವ್ಯತ್ಯಾಸ ಇದೆ. ಫೋಮ್ ಟ್ರೆಬಲ್ಲನ್ನು ಸ್ವಲ್ಪ ಮೆತ್ತಗೆ ಮಾಡುತ್ತದೆ, ಹೊರಗಿನ ಸದ್ದನ್ನು ಜಾಸ್ತಿ ತಡೆಯುತ್ತದೆ. ಆದರೆ ಬೇಗ ಹಾಳಾಗುತ್ತದೆ. ಸಿಲಿಕೋನ್‌ನಲ್ಲೂ ತೂತು ಅಗಲ ಇರುವ ಟಿಪ್ ಹಾಕಿದರೆ ಸಾಮಾನ್ಯವಾಗಿ ಶಬ್ದ ತೆರೆದುಕೊಂಡ ಹಾಗೆ ಇರುತ್ತದೆ, ಕಿರಿದಾದ ತೂತಿನದಾದರೆ ಟ್ರೆಬಲ್ ತಗ್ಗಿ ಬೇಸ್ ಮುಂದೆ ಬಂದ ಹಾಗೆ ಕೇಳಿಸುತ್ತದೆ. ಹಾಗಾಗಿ ಯಾವ ಟಿಪ್ಪಿನಲ್ಲಿ ಕೇಳಿದಿರಿ ಅಂತ ಬರೆದಿಟ್ಟುಕೊಳ್ಳಿ. ಟಿಪ್ ಬದಲಾದರೆ ಪರೀಕ್ಷೆಯೂ ಮೊದಲಿನಿಂದ.

ಹಾಕುವಾಗ ಕೆಲವು ಸಲ ಒಳಗೆ 'ಕಟಕ್' ಅಂತ ಸಣ್ಣ ಸದ್ದು ಬರುತ್ತದೆ. ಗಾಳಿಯ ಒತ್ತಡಕ್ಕೆ ಡ್ರೈವರಿನ ಪೊರೆ ಮಡಿಚಿದ್ದರಿಂದ ಬರುವ ಸದ್ದು ಅದು. ನಿಧಾನವಾಗಿ ಹಾಕಿದರೆ ಕಡಿಮೆಯಾಗುತ್ತದೆ. ಪ್ರತಿ ಸಲ ಬರುತ್ತಿದ್ದರೆ, ಅದರ ಜೊತೆ ಒಂದು ಕಡೆಯ ಶಬ್ದ ಸಣ್ಣದಾಗುತ್ತಿದ್ದರೆ ಮಾತ್ರ ಅದನ್ನು ದೋಷ ಅಂತ ಲೆಕ್ಕ ಹಾಕಿ.

ಹೆಜ್ಜೆ 3: ಆರಾಮವನ್ನು ಗಡಿಯಾರ ಇಟ್ಟು ನೋಡುವುದು

ಹಾಕಿದ ಕೂಡಲೇ ಎಲ್ಲವೂ ಆರಾಮಾಗಿಯೇ ಅನ್ನಿಸುತ್ತದೆ. ನೋವು ಹೇಳಿ ಕೇಳಿ ಬರುವುದಿಲ್ಲ, ನಿಧಾನಕ್ಕೆ ಬರುತ್ತದೆ. ನನಗೆ ಒಂದು ಜೋಡಿ ಸರಿಯಾಗಿ 40 ನಿಮಿಷಕ್ಕೆ ಚುಚ್ಚಲು ಶುರು ಮಾಡುತ್ತಿತ್ತು, ಅದಕ್ಕೆ ಮೊದಲು ಏನೂ ಇಲ್ಲ. ಆದ್ದರಿಂದ ಹಾಕಿ 10 ನಿಮಿಷವಾದಾಗ, 40 ನಿಮಿಷವಾದಾಗ, ಎರಡು ಗಂಟೆಯಾದಾಗ ಒಂದೊಂದು ಸಲ ನಿಂತು ಕಿವಿಯನ್ನು ಗಮನಿಸಿ. ನಡುವೆ ತೆಗೆಯಬೇಡಿ.

ಎಲ್ಲಿ ನೋಯುತ್ತದೆ ಅನ್ನುವುದು ಮುಖ್ಯ. ತೂತಿನೊಳಗೆ ಸುತ್ತಲೂ ಉರಿದರೆ, ಬಿಗಿದಂತಾದರೆ ಟಿಪ್ ದೊಡ್ಡದು, ಇಲ್ಲವೇ ಅದರ ರಬ್ಬರ್ ಗಡುಸು. ಅದನ್ನು ಬದಲಿಸಬಹುದು. ತೂತಿನೊಳಗೆ ಒಂದೇ ಕಡೆ ಒತ್ತುತ್ತಿದ್ದರೆ ಮೂತಿ ದಪ್ಪ ಇದೆ ಅಥವಾ ನಿಮ್ಮ ನಾಳದ ಬಾಗಿಗೆ ಹೊಂದದ ಕೋನದಲ್ಲಿದೆ. ಸಣ್ಣ ಅಥವಾ ಉದ್ದನೆಯ ಟಿಪ್ ಹಾಕಿದರೆ ಕೆಲವು ಸಲ ಸರಿಹೋಗುತ್ತದೆ. ಆದರೆ ಹೊರಗಡೆ, ಕಿವಿಯ ಬಟ್ಟಲಿನ ಅಂಚಿನಲ್ಲಿ ಮೂಳೆಯಂಥ ಜಾಗಕ್ಕೆ ಚಿಪ್ಪು ಒತ್ತುತ್ತಿದ್ದರೆ ಅದಕ್ಕೆ ಮದ್ದಿಲ್ಲ. ಚಿಪ್ಪು ನಿಮ್ಮ ಕಿವಿಗೆ ದೊಡ್ಡದು, ಅಷ್ಟೇ. ಶಬ್ದ ಎಷ್ಟೇ ಚೆನ್ನಾಗಿರಲಿ, ಅದನ್ನು ವಾಪಸ್ ಕೊಡಿ. ರೂಢಿಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ನಾನು ನಂಬಿ ಎರಡು ತಿಂಗಳು ಕಾದಿದ್ದೆ. ಕಿವಿಯ ಆ ಜಾಗ ಕೆಂಪಾಗುತ್ತಿತ್ತೇ ಹೊರತು ರೂಢಿಯಾಗಲಿಲ್ಲ.

ಹಾಕಿಕೊಂಡೇ ಮಾತಾಡಿ, ಆಕಳಿಸಿ, ಏನಾದರೂ ಅಗಿಯಿರಿ. ದವಡೆ ಆಡಿದಾಗ ಕಿವಿಯ ನಾಳದ ಆಕಾರವೂ ಬದಲಾಗುತ್ತದೆ. ಬಾಯಿ ತೆರೆದಾಗೆಲ್ಲ ಬೇಸ್ ಹೋಗಿ ಬಂದರೆ ಟಿಪ್ ಇನ್ನೂ ಸರಿಯಿಲ್ಲ. ಕನ್ನಡಕ ಹಾಕುವವರು ಕನ್ನಡಕದ ಜೊತೆಗೇ ಪರೀಕ್ಷಿಸಬೇಕು. ಕಡ್ಡಿ ಮತ್ತು ಕೇಬಲ್ ಎರಡೂ ಕಿವಿಯ ಮೇಲೆ ಒಂದೇ ಜಾಗಕ್ಕೆ ಬರುತ್ತವೆ. ಮಲಗಿ ಕೇಳುವ ಅಭ್ಯಾಸ ಇದ್ದರೆ ದಿಂಬಿನ ಮೇಲೂ ನೋಡಿ. ಚಿಪ್ಪು ಕಿವಿಯಿಂದ ಹೊರಗೆ ಚಾಚಿಕೊಂಡಿದ್ದರೆ ಐದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಆಮೇಲೆ ಎದ್ದು ನಡೆಯಿರಿ. ಎರಡು ಸದ್ದು ಕೇಳಿಸುತ್ತದೆ. ಕೇಬಲ್ ಬಟ್ಟೆಗೆ ಉಜ್ಜಿದಾಗ ಬರುವ ಕರಕರ ಸದ್ದು ಒಂದು. ಕೇಬಲ್ ಕಿವಿಯ ಮೇಲಿನಿಂದ ಬಂದಿದ್ದರೆ, ಗಲ್ಲದ ಕೆಳಗೆ ಕೇಬಲ್ಲಿನ ಮೇಲಿರುವ ಮಣಿಯನ್ನು ಮೇಲಕ್ಕೆ ಸರಿಸಿದರೆ ಅದು ಬಹಳ ಮಟ್ಟಿಗೆ ನಿಲ್ಲುತ್ತದೆ. ಇನ್ನೊಂದು, ಹೆಜ್ಜೆ ಇಟ್ಟಾಗೆಲ್ಲ ತಲೆಯೊಳಗೆ ದಬ್ ದಬ್ ಅನ್ನುವುದು. ಮೂಳೆಯ ಮೂಲಕ ಬಂದ ಸದ್ದು, ಬಾಯಿ ಮುಚ್ಚಿದ ನಾಳದಿಂದ ಹೊರಗೆ ಹೋಗಲಾರದೆ ಒಳಗೇ ಉಳಿಯುತ್ತದೆ. ನಿಮ್ಮದೇ ದನಿ ದಪ್ಪಗೆ ಕೇಳಿಸುವುದೂ ಇದೇ ಕಾರಣಕ್ಕೆ. ಟಿಪ್ ಇನ್ನೂ ಆಳಕ್ಕೆ ಹೋದರೆ ಈ ದಬ್‌ದಬ್ ಕಡಿಮೆಯಾಗುತ್ತದೆ. ಆದರೆ ಆಳ ಹೋದಷ್ಟೂ ಕೆಲವರಿಗೆ ಕಿರಿಕಿರಿ. 1991ರಲ್ಲಿ ಬಂದ ಎಟಿಮೋಟಿಕ್ ಕಂಪನಿಯ ಇಆರ್-4 ಇಯರ್‌ಫೋನ್ ಅಷ್ಟು ಆಳಕ್ಕೆ ಹೋಗುವ ಬಗೆಯದು. ಅದನ್ನು ಮೆಚ್ಚುವವರಷ್ಟೇ ಹಾಕಿಕೊಳ್ಳಲಾಗದವರೂ ಇದ್ದಾರೆ. ಇದರಲ್ಲಿ ಸರಿ ತಪ್ಪು ಇಲ್ಲ. ನಿಮ್ಮ ಕಿವಿ ಏನು ಒಪ್ಪುತ್ತದೆ ಅದು.

ಚರ್ಮ ತುರಿಸಿದರೆ, ಒಳಗೆ ಒದ್ದೆ ಅನ್ನಿಸಿದರೆ ತಡ ಮಾಡದೆ ನಿಲ್ಲಿಸಿ. ಲೋಹದ ಮೂತಿ, ಸಿಲಿಕೋನ್ ಎಲ್ಲರ ಚರ್ಮಕ್ಕೂ ಹೊಂದುವುದಿಲ್ಲ.

ಹೆಜ್ಜೆ 4: ಕೇಳುವ ಮೊದಲು ತಯಾರಿ

ಫೋನಿನಲ್ಲಿ ಈಕ್ವಲೈಸರ್, ಬೇಸ್ ಬೂಸ್ಟ್, ಸರೌಂಡ್ ಏನಿದ್ದರೂ ಆಫ್ ಮಾಡಿ. ಹಾಡಿನ ಆಪ್‌ನಲ್ಲಿ ಗುಣಮಟ್ಟವನ್ನು ಅತಿ ಹೆಚ್ಚಿಗೆ ಇಡಿ. ಡೇಟಾ ಉಳಿಸಲು ಅದು ತಾನಾಗಿ ಕಡಿಮೆ ಮಾಡಿಕೊಂಡಿರುತ್ತದೆ. 320 ಕೆಬಿಪಿಎಸ್ ಎಂಪಿ3ಗೂ (ಒತ್ತಿ ಚಿಕ್ಕದಾಗಿಸಿದ ಫೈಲ್) ಫ್ಲ್ಯಾಕ್‌ಗೂ (ಏನೂ ಕಳೆದುಕೊಳ್ಳದ ಫೈಲ್) ವ್ಯತ್ಯಾಸ ಹುಡುಕುತ್ತಾ ಕೂರುವುದು ಬೇಡ. ರೆಕಾರ್ಡಿಂಗ್ ಚೆನ್ನಾಗಿದ್ದರೆ ಅಷ್ಟು ಸಾಕು.

ಇನ್-ಇಯರ್ ಮಾನಿಟರ್‌ಗಳಲ್ಲಿ ಹೆಚ್ಚಿನವು 16ರಿಂದ 32 ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಸುತ್ತಮುತ್ತ ಇರುತ್ತವೆ. ಫೋನಿಗೆ ಅಥವಾ ಅದಕ್ಕೆ ಸಿಕ್ಕಿಸುವ ಸಣ್ಣ ಡಾಂಗಲ್‌ಗೆ ಅವನ್ನು ನುಡಿಸುವುದು ಕಷ್ಟವಲ್ಲ. ಗಮನಿಸಬೇಕಾದ ಸಂಗತಿ ಬೇರೆ. ಹಾಡು ನಿಲ್ಲಿಸಿ, ಜಾಕ್ ಹಾಗೇ ಬಿಟ್ಟು ಕೇಳಿ. 'ಸ್ಸ್‌ಸ್' ಅಂತ ಹಿನ್ನೆಲೆಯಲ್ಲಿ ಸದ್ದು ಬಂದರೆ ಅದು ಸಾಮಾನ್ಯವಾಗಿ ಆಂಪ್ಲಿಫೈಯರಿನ ಸದ್ದು. ತುಂಬಾ ಸೂಕ್ಷ್ಮವಾದ ಇಯರ್‌ಫೋನ್ ಅದನ್ನು ಎತ್ತಿ ತೋರಿಸುತ್ತಿದೆ. ಹಾಗೇ ಹಲವು ಬ್ಯಾಲೆನ್ಸ್ಡ್ ಆರ್ಮೇಚರ್ ಡ್ರೈವರ್ (ಸಣ್ಣ ಲೋಹದ ಪಟ್ಟಿ ಅದುರಿ ನುಡಿಯುವ ಬಗೆ) ಇರುವವುಗಳು ಕೆಲವು ಆಂಪ್‌ಗಳಿಗೆ ಹಾಕಿದಾಗ ಬೇರೆಯದೇ ಸ್ವಭಾವ ತೋರಿಸುತ್ತವೆ. ಅವುಗಳ ಓಮ್ ಸ್ವರದಿಂದ ಸ್ವರಕ್ಕೆ ಏರಿಳಿಯುತ್ತದೆ. ಆಂಪಿನ ಹೊರಗಣ ಓಮ್ ಇಯರ್‌ಫೋನಿನ ಓಮ್‌ನ ಎಂಟನೇ ಒಂದು ಭಾಗಕ್ಕಿಂತ ಕಡಿಮೆ ಇದ್ದರೆ ಈ ತೊಂದರೆ ಬರುವುದಿಲ್ಲ. ಬಹಳ ಜನ ಪಾಲಿಸುವ ಲೆಕ್ಕ ಅದು.

ಈಗ ವಾಲ್ಯೂಮ್. ಹೋಲಿಕೆಯಲ್ಲಿ ಜನ ಎಡವುವುದು ಇಲ್ಲೇ. ಎರಡು ಇಯರ್‌ಫೋನ್ ಇಟ್ಟುಕೊಂಡು ಒಂದೇ ವಾಲ್ಯೂಮಿನಲ್ಲಿ ಕೇಳಿದರೆ ಜೋರಾಗಿ ನುಡಿಯುವುದೇ ಗೆಲ್ಲುತ್ತದೆ. ಒಂದೆರಡು ಡೆಸಿಬೆಲ್ ಜಾಸ್ತಿ ಇದ್ದರೂ ಮನಸ್ಸು ಅದನ್ನು 'ಜೋರು' ಅಂತ ಹೇಳುವುದಿಲ್ಲ, 'ಸ್ಪಷ್ಟ' ಅನ್ನುತ್ತದೆ. ಮೇಲಾಗಿ ಸಣ್ಣ ವಾಲ್ಯೂಮಿನಲ್ಲಿ ನಮ್ಮ ಕಿವಿಗೆ ಬೇಸ್ ಕಡಿಮೆ ಕೇಳಿಸುತ್ತದೆ. ಫ್ಲೆಚರ್ ಮತ್ತು ಮನ್‌ಸನ್ ಎಂಬ ಇಬ್ಬರು ಸಂಶೋಧಕರು 1933ರಲ್ಲೇ ಇದನ್ನು ಅಳೆದು ತೋರಿಸಿದ್ದರು. ಆದ್ದರಿಂದ ಮೊದಲು ಸಮ ಮಾಡಿಕೊಳ್ಳಿ. ಬರೀ ಒಬ್ಬರ ಮಾತು ಇರುವ ಒಂದು ತುಣುಕು ಹಾಕಿ. ಎರಡರಲ್ಲೂ ಆ ದನಿ ಒಂದೇ ದೂರದಲ್ಲಿ ಕೂತು ಮಾತಾಡಿದ ಹಾಗೆ ಆಗುವವರೆಗೆ ವಾಲ್ಯೂಮ್ ಹೊಂದಿಸಿ. ಯಾವುದಕ್ಕೆ ಎಷ್ಟು ಮೆಟ್ಟಿಲು ಅಂತ ಬರೆದಿಟ್ಟುಕೊಳ್ಳಿ.

ಒಟ್ಟು ಜೋರು ಎಷ್ಟಿರಬೇಕು ಅನ್ನೋದಕ್ಕೂ ಮಿತಿ ಇದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದೊಡ್ಡವರಿಗೆ ವಾರಕ್ಕೆ 40 ಗಂಟೆ, 80 ಡೆಸಿಬೆಲ್. 90 ಡೆಸಿಬೆಲ್‌ಗೆ ಹೋದರೆ ವಾರಕ್ಕೆ 4 ಗಂಟೆ ಮಾತ್ರ. ಚೆನ್ನಾಗಿ ಮುಚ್ಚುವ ಟಿಪ್ ಇದ್ದರೆ ಹೊರಗಿನ ಸದ್ದು ಒಳಬರುವುದಿಲ್ಲ, ವಾಲ್ಯೂಮ್ ಏರಿಸುವ ಆಸೆಯೂ ಬರುವುದಿಲ್ಲ. ಟಿಪ್ಪಿಗೆ ಒಂದು ಸಂಜೆ ಕೊಡಿ ಅಂದಿದ್ದು ಇದಕ್ಕೂ ಸೇರಿಯೇ.

ಹೆಜ್ಜೆ 5: ಗೊತ್ತಿರುವ ಹಾಡು ಕೇಳುವುದು

ಪರೀಕ್ಷೆಗೆಂದೇ ಹೊಸ ಹಾಡು ಹುಡುಕಬೇಡಿ. ನಿಮಗೆ ಕಂಠಪಾಠ ಆಗಿರುವ ಆರೇಳು ಹಾಡು ತಗೊಳ್ಳಿ. ಒಂದರಲ್ಲಿ ಒಂಟಿ ದನಿ, ಹೆಚ್ಚು ವಾದ್ಯ ಇಲ್ಲದ್ದು. ಒಂದರಲ್ಲಿ ಆಳವಾದ ಬೇಸ್. ಒಂದರಲ್ಲಿ ಪಿಯಾನೊ ಅಥವಾ ಗಿಟಾರ್ ಮಾತ್ರ. ಒಂದು ಗದ್ದಲದ್ದು, ಎಲ್ಲ ವಾದ್ಯ ಒಟ್ಟಿಗೆ ಬರುವಂಥದ್ದು. ಸಭೆಯ ಮುಂದೆ ರೆಕಾರ್ಡ್ ಮಾಡಿದ್ದು ಒಂದು ಇರಲಿ. ಉಳಿದವು ನಿಮಗೆ ಇಷ್ಟವಾದವು.

ಮೊದಲು ದನಿ ಕೇಳಿ. ಯಾಕೆಂದರೆ ಮನುಷ್ಯರ ದನಿ ಹೇಗಿರುತ್ತದೆ ಅನ್ನೋದು ನಮಗೆಲ್ಲ ಹುಟ್ಟಿದಾಗಿನಿಂದ ಗೊತ್ತು. ಅಲ್ಲಿ ಯಾರೂ ನಮ್ಮನ್ನು ಮೋಸ ಮಾಡಲಾಗದು. ದನಿ ಮೂಗಿನಿಂದ ಬಂದ ಹಾಗಿದೆಯಾ? ಪರದೆಯ ಹಿಂದಿನಿಂದ ಬಂದ ಹಾಗೆ ಮಬ್ಬಾಗಿದೆಯಾ? ಅಥವಾ ಮುಖದ ಹತ್ತಿರ ಬಂದು ಕಿರುಚಿದ ಹಾಗಿದೆಯಾ? ಕಿವಿಯ ನಾಳವೇ 3 ಕಿಲೋಹರ್ಟ್ಸ್ ಹತ್ತಿರದ ಸ್ವರಗಳನ್ನು ಸಹಜವಾಗಿ ಎತ್ತಿ ಕೊಡುತ್ತದೆ. ಟಿಪ್ ಹಾಕಿ ಮುಚ್ಚಿದಾಗ ಆ ಏರು ಹೋಗುತ್ತದೆ, ತಯಾರಕರು ಅದನ್ನು ಮತ್ತೆ ಸೇರಿಸಬೇಕು. ಕಡಿಮೆ ಸೇರಿಸಿದರೆ ದನಿ ಮಂಕು, ಜಾಸ್ತಿಯಾದರೆ ಕಿರುಚು. ಮಧ್ಯಮ ಬೆಲೆಯ ಇಯರ್‌ಫೋನುಗಳು ಒಂದರಿಂದ ಒಂದು ಬೇರೆಯಾಗುವುದು ಮುಖ್ಯವಾಗಿ ಇಲ್ಲಿ.

ದನಿಯಲ್ಲೇ ಇನ್ನೊಂದು ಪರೀಕ್ಷೆ ಇದೆ. 'ಸ', 'ಶ', 'ಚ' ಅಕ್ಷರಗಳನ್ನು ಗಮನಿಸಿ. ಇವು ಸುಮಾರು 5ರಿಂದ 8 ಕಿಲೋಹರ್ಟ್ಸ್ ನಡುವೆ ಬೀಳುತ್ತವೆ. ಸೂಜಿ ಚುಚ್ಚಿದ ಹಾಗೆ ಆದರೆ, ಸಾಲಿನಿಂದ ಸಾಲಿಗೆ ಆ ಅಕ್ಷರಗಳಷ್ಟೇ ಎದ್ದು ಬಂದರೆ, ಆ ಇಯರ್‌ಫೋನ್ ಅರ್ಧ ಗಂಟೆಯಲ್ಲಿ ನಿಮ್ಮನ್ನು ದಣಿಸುತ್ತದೆ. ಒಂದೇ ಹಾಡಿನಲ್ಲಿ ಹೀಗಾದರೆ ರೆಕಾರ್ಡಿಂಗ್ ತಪ್ಪಿರಬಹುದು. ಮೂರರಲ್ಲಿ ಆದರೆ ಇಯರ್‌ಫೋನಿನದೇ.

ಬೇಸ್ ವಿಷಯದಲ್ಲಿ ಎಷ್ಟಿದೆ ಅನ್ನುವುದರ ಜೊತೆಗೆ ಎಲ್ಲಿ ನಿಲ್ಲುತ್ತದೆ ಅನ್ನುವುದನ್ನೂ ಕೇಳಿ. ಬೇಸ್ ಗಿಟಾರಿನ ಅತಿ ದಪ್ಪ ತಂತಿ 41 ಹರ್ಟ್ಸ್ ನುಡಿಯುತ್ತದೆ. ಒಳ್ಳೆಯ ಇಯರ್‌ಫೋನಿನಲ್ಲಿ ಅದು ಯಾವ ಸ್ವರ ಅಂತ ಗೊತ್ತಾಗುತ್ತದೆ, ಸ್ವರದಿಂದ ಸ್ವರಕ್ಕೆ ಹೋದದ್ದು ಕೇಳಿಸುತ್ತದೆ. ಬರೀ ಗುಂಗುಂ ಅಂತ ಉಬ್ಬಿದ್ದರೆ ಎಲ್ಲ ಸ್ವರವೂ ಒಂದೇ ಆಗಿಬಿಡುತ್ತದೆ. ಇನ್ನೂ ಸುಲಭದ ದಾರಿ ಬೇಕಾದರೆ ಗಂಡಸಿನ ದನಿ ಮತ್ತು ಬೇಸ್ ಎರಡೂ ಇರುವ ಹಾಡು ಹಾಕಿ. ಬೇಸ್ ಬಂದಾಗೆಲ್ಲ ದನಿಯ ಮೇಲೆ ಕಂಬಳಿ ಹೊದಿಸಿದ ಹಾಗೆ ಆದರೆ, ಬೇಸ್ ತನ್ನ ಜಾಗ ಬಿಟ್ಟು ಮೇಲಕ್ಕೆ ಹರಿದಿದೆ.

ನನ್ನ ಪಟ್ಟಿಯಲ್ಲಿ ಒಂದು ಹಳೆಯ ರೆಕಾರ್ಡಿಂಗ್ ಇದೆ. ಒಂದು ದನಿ, ಒಂದು ವಯಲಿನ್. ಎರಡನೇ ಚರಣ ಶುರುವಾಗುವ ಮೊದಲು ಹಾಡುವವರು ಉಸಿರು ಎಳೆದುಕೊಳ್ಳುತ್ತಾರೆ. ಕೆಲವು ಇಯರ್‌ಫೋನುಗಳಲ್ಲಿ ಆ ಉಸಿರು ಇಲ್ಲವೇ ಇಲ್ಲ. ಕೆಲವದರಲ್ಲಿ ಅದು ಮೈಕಿಗೆ ಊದಿದ ಹಾಗೆ ದೊಡ್ಡದಾಗಿ ಬರುತ್ತದೆ, ಅಲ್ಲೇ ಗಮನ ನಿಲ್ಲುತ್ತದೆ. ಒಂದರಲ್ಲಿ ಮಾತ್ರ ನಾನು ಅದನ್ನು ಕೇಳಿದೆ ಅನ್ನುವುದಕ್ಕಿಂತ, ಮುಂದಿನ ಸಾಲಿಗೆ ನಾನೂ ಉಸಿರು ಹಿಡಿದಿದ್ದೆ. ಜೊತೆಗೆ ಕಮಾನು ತಂತಿಗೆ ತಾಗುವ ಆ ಕ್ಷಣದ ಸಣ್ಣ ಒರಟು, ಆಮೇಲೆ ಸ್ವರ ತೆರೆದುಕೊಳ್ಳುವುದು, ಎರಡೂ ಬೇರೆ ಬೇರೆಯಾಗಿ ಬಂದವು. ಸೂಕ್ಷ್ಮತೆ ಅಂದಾಗ ನನಗೆ ನೆನಪಾಗುವುದು ಅದೇ. ನಿಮ್ಮ ಹಾಡುಗಳಲ್ಲೂ ಇಂಥ ಒಂದೊಂದು ಜಾಗ ಗುರುತು ಮಾಡಿಟ್ಟುಕೊಳ್ಳಿ. ಪೂರ್ತಿ ಹಾಡಿಗಿಂತ ಆ ಹತ್ತು ಸೆಕೆಂಡು ಹೆಚ್ಚು ಹೇಳುತ್ತದೆ.

ಟ್ರೆಬಲ್ಲಿಗೆ ತಾಳದಂಥ ಲೋಹದ ವಾದ್ಯ, ಡ್ರಮ್ ಸೆಟ್ಟಿನ ಸಿಂಬಲ್ ಕೇಳಿ. ಹೊಡೆದ ಮೇಲೆ ಅದು ನಿಧಾನ ಆರುತ್ತಾ ಹೋಗಬೇಕು. 'ಟ್ಸ್' ಅಂತ ಕತ್ತರಿಸಿದ ಹಾಗೆ ನಿಂತರೆ ಮೇಲಿನ ಭಾಗ ಕಡಿಮೆ ಇದೆ. ವಯಸ್ಸಾದಂತೆ ನಮಗೆಲ್ಲ ಮೇಲಿನ ಸ್ವರಗಳು ಕೇಳುವುದು ಕಡಿಮೆಯಾಗುತ್ತದೆ. ಆದ್ದರಿಂದ ಇಲ್ಲಿ ಇನ್ನೊಬ್ಬರ ಅಭಿಪ್ರಾಯಕ್ಕಿಂತ ನಿಮ್ಮದೇ ಲೆಕ್ಕಕ್ಕೆ ಬರುತ್ತದೆ.

ಗದ್ದಲದ ಹಾಡನ್ನು ಕೊನೆಗೆ ಇಡಿ. ಎಲ್ಲ ವಾದ್ಯ ಒಟ್ಟಿಗೆ ಬಂದಾಗ ಒಂದನ್ನೇ ಹಿಡಿದು ಹಿಂಬಾಲಿಸಲು ಆಗುತ್ತದಾ ನೋಡಿ. ಆಗದೆ ಎಲ್ಲ ಕಲಸಿದ ಹಾಗಾದರೆ, ಅದೇ ಹಾಡನ್ನು ಸ್ವಲ್ಪ ಸಣ್ಣ ವಾಲ್ಯೂಮಿನಲ್ಲೂ ಕೇಳಿ. ಸಣ್ಣದರಲ್ಲಿಯೂ ಬಿಡಿಬಿಡಿಯಾಗಿ ಕೇಳಿಸಿದರೆ ಅದು ನಿಜಕ್ಕೂ ಒಳ್ಳೆಯ ಇಯರ್‌ಫೋನ್.

ಹೆಜ್ಜೆ 6: ನಡುವು ಸರಿಯಿದೆಯಾ?

ಫೋನಿನ ಸೆಟ್ಟಿಂಗ್ಸ್‌ನಲ್ಲಿ ಮೋನೊ ಆಡಿಯೊ (ಎರಡೂ ಕಿವಿಗೆ ಒಂದೇ ಶಬ್ದ ಕೊಡುವುದು) ಅಂತ ಇರುತ್ತದೆ. ಅದನ್ನು ಆನ್ ಮಾಡಿ ದನಿ ಕೇಳಿ. ದನಿ ಮೂಗಿನ ನೇರಕ್ಕೆ ಇರಬೇಕು. ಒಂದು ಕಡೆ ಸರಿದಿದ್ದರೆ ಎಡ ಬಲ ಚಿಪ್ಪುಗಳನ್ನು ಅದಲು ಬದಲು ಮಾಡಿ ಹಾಕಿ. ಆಕಾರ ಹೊಂದುವುದಿಲ್ಲ, ಕೈಯಲ್ಲಿ ಹಿಡಿದುಕೊಂಡರೂ ಸಾಕು. ಬದಲಿಸಿದಾಗ ದನಿಯೂ ಆ ಕಡೆಗೆ ಹೋದರೆ ತಪ್ಪು ಇಯರ್‌ಫೋನಿನದು. ಮೊದಲಿದ್ದ ಕಡೆಯೇ ಉಳಿದರೆ ನಿಮ್ಮ ಕಿವಿಯದು ಅಥವಾ ಟಿಪ್ಪಿನದು.

ಇನ್ನೊಂದು ತೊಂದರೆ ಇದೆ, ಬಹಳ ಜನಕ್ಕೆ ಹೊಳೆಯುವುದಿಲ್ಲ. ಎರಡು ಪಿನ್ನಿನ ಕೇಬಲ್ಲನ್ನು ಒಂದು ಕಡೆ ತಿರುಗಿಸಿ ಹಾಕಿಬಿಟ್ಟರೆ, ಒಂದು ಡ್ರೈವರ್ ಮುಂದಕ್ಕೆ ತಳ್ಳುವಾಗ ಇನ್ನೊಂದು ಹಿಂದಕ್ಕೆ ಎಳೆಯುತ್ತದೆ. ದನಿಗೆ ನಡುವೇ ಇರುವುದಿಲ್ಲ, ತಲೆಯ ಸುತ್ತ ಹರಡಿಕೊಂಡ ಹಾಗಿರುತ್ತದೆ. ಬೇಸ್ ಸೊರಗುತ್ತದೆ. ವಿಶಾಲವಾಗಿದೆ ಅಂತ ಮೊದಲು ಖುಷಿಯೂ ಆಗಬಹುದು. ಅನುಮಾನ ಬಂದರೆ ಒಂದು ಕಡೆಯ ಪಿನ್ ತಿರುಗಿಸಿ ಹಾಕಿ ಕೇಳಿ. ದನಿ ಗಟ್ಟಿಯಾಗಿ ನಡುವೆ ಬಂದು ಕೂತರೆ ಅದೇ ಸರಿ.

ಹೆಜ್ಜೆ 7: ಸ್ವೀಪ್ ಮತ್ತು ಗ್ರಾಫ್

20 ಹರ್ಟ್ಸ್‌ನಿಂದ 20 ಕಿಲೋಹರ್ಟ್ಸ್‌ವರೆಗೆ ನಿಧಾನ ಏರುವ ಸ್ವರವನ್ನು ಕಡಿಮೆ ವಾಲ್ಯೂಮಿನಲ್ಲಿ ಕೇಳಿ. ಎಲ್ಲಾದರೂ ದಿಢೀರ್ ಜೋರಾದರೆ, ಒಳಗೆ ಜರ್ ಅಂತ ಅದುರಿದರೆ ಬರೆದುಕೊಳ್ಳಿ. ಅದುರುವ ಸದ್ದು ದೋಷವೇ. ಮೇಲೆ ಎಲ್ಲೋ ಒಂದು ಚೂಪು ಏರು ಸಿಕ್ಕರೆ, ಟಿಪ್ಪನ್ನು ಸ್ವಲ್ಪ ಒಳಗೆ ಹೊರಗೆ ಸರಿಸಿ ಮತ್ತೆ ಕೇಳಿ. ಆ ಏರು ಜಾಗ ಬದಲಿಸುತ್ತದೆ. ಅದು ನಿಮ್ಮ ಕಿವಿಯ ನಾಳದ ಉದ್ದಕ್ಕೂ ಟಿಪ್ಪಿನ ಆಳಕ್ಕೂ ಸೇರಿದ್ದು.

ಯಾವ ಸ್ವರ ಎಷ್ಟು ಜೋರಾಗಿ ಬರುತ್ತದೆ ಅಂತ ತೋರಿಸುವ ಗ್ರಾಫ್ ನೋಡುವವರೂ ಇದನ್ನು ನೆನಪಿಡಬೇಕು. ಹಲವು ಗ್ರಾಫ್‌ಗಳಲ್ಲಿ 8 ಕಿಲೋಹರ್ಟ್ಸ್ ಸುತ್ತ ಕಾಣುವ ಏರು, ಅಳೆಯುವಾಗ ಕಿವಿಯ ನಾಳದ ಬದಲಿಗೆ ಬಳಸುವ ಕೊಳವೆಯದೇ ಆಗಿರುತ್ತದೆ. ಅದರ ಮೇಲಿನ ಗೆರೆಯನ್ನು ಅಕ್ಷರಶಃ ಓದಬೇಡಿ. ಕೆಳಗಿನ ಭಾಗ ಮಾತ್ರ ನಿಜಕ್ಕೂ ಉಪಯೋಗಕ್ಕೆ ಬರುತ್ತದೆ. ಹಾರ್ಮನ್ ಎಂಬ ಆಡಿಯೊ ಸಂಸ್ಥೆಯ 2019ರ ಗುರಿಗೆರೆಗೆ ಎಷ್ಟು ಹತ್ತಿರ ಇದೆ ಅಂತ ಜನ ಹೋಲಿಸುತ್ತಾರೆ. ಅದು ತುಂಬಾ ಜನಕ್ಕೆ ಇಷ್ಟವಾಗುವ ಶಬ್ದದ ಒಂದು ಅಂದಾಜು. ನಿಮಗೆ ಅದಕ್ಕಿಂತ ಬೇಸ್ ಕಡಿಮೆ ಬೇಕಿದ್ದರೆ ನಿಮ್ಮ ಕಿವಿ ಕೆಟ್ಟಿದೆ ಅಂತಲ್ಲ.

ಹೆಜ್ಜೆ 8: ಒಂದು ವಾರ ಬಿಟ್ಟು ಹಿಂದಕ್ಕೆ ಹೋಗುವುದು

ನೂರು ಗಂಟೆ ನುಡಿಸಿದರೆ ಡ್ರೈವರ್ ಪಳಗುತ್ತದೆ ಅಂತ ಹೇಳುವವರಿದ್ದಾರೆ. ನನ್ನ ಅನುಭವದಲ್ಲಿ ಪಳಗುವುದು ಹೆಚ್ಚಾಗಿ ನಮ್ಮ ಮನಸ್ಸೇ. ಅದಕ್ಕೇ ವಾರವಿಡೀ ಹೊಸದನ್ನೇ ಕೇಳಿ, ಏಳನೇ ದಿನ ಹಳೆಯದಕ್ಕೆ ಹಿಂದಿರುಗಿ. ಆ ಮೊದಲ ಎರಡು ನಿಮಿಷದಲ್ಲಿ ಅನ್ನಿಸಿದ್ದನ್ನು ಕೂಡಲೇ ಬರೆಯಿರಿ. ಹಳೆಯದು ಮಂಕಾಗಿ ಕೇಳಿಸಿತಾ, ಇಲ್ಲಾ 'ಅಬ್ಬಾ' ಅಂತ ಕಿವಿಗೆ ಹಿತವಾಯಿತಾ? ಹಿತವಾಗಿದ್ದರೆ ಹೊಸದರಲ್ಲಿ ಏನೋ ದಣಿಸುತ್ತಿತ್ತು. ಆಗ ಐದನೇ ಹೆಜ್ಜೆಗೆ ಹೋಗಿ 'ಸ', 'ಶ' ಮತ್ತೆ ಕೇಳಿ.

ಬೆಲೆ, ಹೆಸರು ನಮ್ಮ ಕಿವಿಯನ್ನು ಪ್ರಭಾವಿಸುತ್ತವೆ. ಆಗುವುದಾದರೆ ಮನೆಯವರಿಗೋ ಸ್ನೇಹಿತರಿಗೋ ಹೇಳಿ, ನೀವು ಕಣ್ಣು ಮುಚ್ಚಿಕೊಂಡಿರುವಾಗ ಕೈಗೆ ಒಂದನ್ನು ಕೊಡಲಿ. ಚಿಪ್ಪಿನ ಆಕಾರದಿಂದ ಯಾವುದು ಅಂತ ಗೊತ್ತಾಗಬಹುದು, ಪೂರ್ತಿ ನ್ಯಾಯದ ಪರೀಕ್ಷೆ ಅಲ್ಲ. ಆದರೂ ವ್ಯತ್ಯಾಸ ನೀವು ಅಂದುಕೊಂಡಷ್ಟು ದೊಡ್ಡದಾ ಅನ್ನೋದು ತಿಳಿಯುತ್ತದೆ.

ಇಟ್ಟುಕೊಳ್ಳಬೇಕೋ ವಾಪಸ್ ಕೊಡಬೇಕೋ ಅನ್ನುವಾಗ ನಾನು ತೊಂದರೆಗಳನ್ನು ಎರಡು ಪಾಲು ಮಾಡುತ್ತೇನೆ. ಬೇಸ್ ಸ್ವಲ್ಪ ಜಾಸ್ತಿ, ದನಿ ಸ್ವಲ್ಪ ಹಿಂದೆ, 'ಸ' ಸ್ವಲ್ಪ ಚೂಪು, ಇವುಗಳನ್ನು ಟಿಪ್ ಬದಲಿಸಿ ಅಥವಾ ಈಕ್ವಲೈಸರಿನಲ್ಲಿ 2-3 ಡೆಸಿಬೆಲ್ ಇಳಿಸಿ ಏರಿಸಿ ಸರಿಮಾಡಬಹುದು. ಚಿಪ್ಪು ಒತ್ತುವ ನೋವು, ಇಯರ್‌ಫೋನಿನದೇ ತಪ್ಪಿನಿಂದ ಎಡ ಬಲ ಸಮ ಇಲ್ಲದಿರುವುದು, ಜರ್ ಅನ್ನುವ ಸದ್ದು, ಸಡಿಲವಾದ ಜೋಡಣೆ, ಇವು ಯಾವುದರಿಂದಲೂ ಹೋಗುವುದಿಲ್ಲ. ಈ ಎರಡನೇ ಪಾಲಿನಲ್ಲಿ ಒಂದೇ ಒಂದು ಇದ್ದರೂ, ವಾಪಸ್ ಕೊಡುವ ಅವಧಿ ಮುಗಿಯುವ ಮೊದಲೇ ಕೊಟ್ಟುಬಿಡಿ.

ಇಟ್ಟುಕೊಂಡರೆ ಒಂದು ಮಾತು. ತಿಂಗಳುಗಳ ಮೇಲೆ ಒಂದು ಕಡೆ ಶಬ್ದ ಸಣ್ಣದಾದರೆ ರಿಪೇರಿಗೆ ಓಡಬೇಡಿ. ಟಿಪ್ ತೆಗೆದು ಮೂತಿಯ ಜಾಲರಿಯನ್ನು ಬೆಳಕಿಗೆ ಹಿಡಿಯಿರಿ. ಕಿವಿಯ ಗುಗ್ಗೆ ಕೂತಿದ್ದರೆ ಜಾಲರಿ ಹಳದಿಯಾಗಿ, ಮುಚ್ಚಿಕೊಂಡು ಕಾಣುತ್ತದೆ. ಮೂತಿಯನ್ನು ನೆಲದ ಕಡೆಗೆ ಹಿಡಿದು ಒಣಗಿದ ಮೆತ್ತನೆ ಬ್ರಷ್‌ನಿಂದ ಉಜ್ಜಿ, ಕಸ ಒಳಗೆ ಬೀಳದೆ ಕೆಳಕ್ಕೆ ಉದುರಲಿ. ಸಿಲಿಕೋನ್ ಟಿಪ್ಪನ್ನು ಬೇರೆಯಾಗಿ ಸೋಪಿನ ನೀರಲ್ಲಿ ತೊಳೆದು, ಪೂರ್ತಿ ಒಣಗಿದ ಮೇಲೆ ಹಾಕಿ.